ಸಿಗರೇಟಿನ ಕಥೆ ಸಾಕು, 194 ಜನರ ಕಥೆ ಹೇಳಿ

1971ರ ಯುದ್ಧದ ಬಗ್ಗೆ ನಮ್ಮ ಕನ್ನಡ ಸಂಘಗಳ ವೇದಿಕೆಗಳಲ್ಲಿ ವರ್ಷ ವರ್ಷವೂ ನಡೆಯುವ ಭಾಷಣಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ ಎಂದು ನಾವು ಬರೆದರೆ ಹಿರಿಯರು ಕೋಪಿಸಿಕೊಳ್ಳಬಾರದು. ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಎರಗಿದ್ದು, 8ರ ರಾತ್ರಿ ಮತ್ತೆ ಹೋಗಿ ಅಲ್ಲಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ್ದು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಬೇಸಿಗೆ ರಜೆಗೆ ಊರಿಗೆ ಹೋದವರು ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ‘ಚಪಲ್’ ದೋಣಿಯನ್ನು ಹತ್ತಿಸಿ, ‘ನೋಡು ಮಗು, ಇಂಥ ದೋಣಿಗಳೇ ಕರಾಚಿಗೆ ಹೋಗಿದ್ದು’ ಎಂದು ತೋರಿಸುತ್ತಾರೆ. ಸಂತೋಷ. ಆದರೆ ಆ ಎರಡನೆಯ ದಾಳಿಯ ಮರುರಾತ್ರಿ ಏನಾಯಿತು?

ಡಿಸೆಂಬರ್ 9ರ ರಾತ್ರಿ ಒಂಬತ್ತು ಗಂಟೆಗೆ ಸ್ವಲ್ಪ ಮುನ್ನ, ಗುಜರಾತಿನ ಮಗ್ಗುಲಿನ ದಿಯು ತೀರದಾಚೆ ಅರಬ್ಬೀ ಸಮುದ್ರದಲ್ಲಿ, ‘ಖುಕ್ರಿ’ ಎಂಬ ನಮ್ಮ ಬೆಂಗಾವಲು ಯುದ್ಧನೌಕೆಗೆ ಪಾಕಿಸ್ತಾನದ ‘ಹ್ಯಾಂಗೋರ್’ ಜಲಾಂತರ್ಗಾಮಿಯ ಟಾರ್ಪೆಡೋ ಬಡಿಯಿತು. ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಜನ ಹೋದರು. ಉಳಿದವರು 67 ಮಂದಿ. ರಾತ್ರಿಯೆಲ್ಲ ನೀರಿನಲ್ಲಿ ಕಳೆದ ಅವರನ್ನು ಮರುದಿನ ‘ಕಚ್ಚಾಲ್’ ಹಡಗು ಎತ್ತಿಕೊಂಡಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಲಾಂತರ್ಗಾಮಿಯೊಂದು ಯುದ್ಧನೌಕೆಯನ್ನು ಮುಳುಗಿಸಿದ್ದು ಜಗತ್ತಿನಲ್ಲಿ ಅದೇ ಮೊದಲು. ಸ್ವತಂತ್ರ ಭಾರತ ಯುದ್ಧದಲ್ಲಿ ಕಳೆದುಕೊಂಡ ದೊಡ್ಡ ಹಡಗೆಂದರೆ ಅದೊಂದೇ.

ಖುಕ್ರಿಯ ಹೆಸರು ಎಲ್ಲೂ ಬರುವುದೇ ಇಲ್ಲ ಎಂದಲ್ಲ, ಬರುತ್ತದೆ. ಅದರ ಕಪ್ತಾನ ಮಹೇಂದ್ರನಾಥ ಮುಲ್ಲಾ ಅವರು ತಮ್ಮ ಜೀವರಕ್ಷಕ ಅಂಗಿಯನ್ನು ನಾವಿಕನೊಬ್ಬನಿಗೆ ಕೊಟ್ಟು, ಕುರ್ಚಿಯಲ್ಲಿ ಕುಳಿತು, ಸಿಗರೇಟು ಹಚ್ಚಿ ಹಡಗಿನೊಂದಿಗೆ ಮುಳುಗಿದರು ಎಂಬ ಪ್ರಸಂಗ ಮಾತ್ರ ಬರುತ್ತದೆ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಅದು ಸಲ್ಲಬೇಕಾದದ್ದೇ, ಆ ಧೀರನ ಬಗ್ಗೆ ಒಂದು ಹಗುರ ಮಾತನ್ನೂ ನಾವು ಆಡುವವರಲ್ಲ. ನಮ್ಮ ತಕರಾರು ಭಾಷಣಕಾರರ ಮೇಲೆ. ಸಿಗರೇಟು ಹಚ್ಚಿದಲ್ಲಿಗೆ ಸಭೆ ಚಪ್ಪಾಳೆ ತಟ್ಟುತ್ತದೆ, ಭಾಷಣ ಮುಗಿಯುತ್ತದೆ, ಕಾಫಿ ಬರುತ್ತದೆ. ಆ 176 ನಾವಿಕರು ಯಾಕೆ ಸತ್ತರು ಎಂದು ಕೇಳಲು ಯಾರಿಗೂ ವ್ಯವಧಾನವಿಲ್ಲ.

ಯಾಕೆ ಸತ್ತರು? ಖುಕ್ರಿ ಇಂಗ್ಲೆಂಡಿನಲ್ಲಿ ಕಟ್ಟಿದ ಹಡಗು, ನೀರಿಗಿಳಿದದ್ದು 1956ರಲ್ಲಿ. ಯುದ್ಧ ಬಂದರೆ ಕಡಿಮೆ ಖರ್ಚಿನಲ್ಲಿ ಬೇಗ ಬೇಗ ಕಟ್ಟಿ ಹಾಕಲೆಂದು ಬ್ರಿಟಿಷರು ಯೋಚಿಸಿದ್ದ ಜಾತಿ ಅದು. 310 ಅಡಿ ಉದ್ದ, ಹಡಗಿಗೆಲ್ಲ ಒಂದೇ ಪ್ರೊಪೆಲ್ಲರ್. ಎದುರಾಳಿ ಹ್ಯಾಂಗೋರ್ ಫ್ರಾನ್ಸಿನಲ್ಲಿ ತಯಾರಾಗಿ 1969ರಲ್ಲಿ ಪಾಕಿಸ್ತಾನದ ಕೈಸೇರಿದ ಹೊಸ ಸರಕು. ನೀರಿನೊಳಗಿನ ಬೇಟೆಯಲ್ಲಿ ಕಣ್ಣಿಗೆ ಕೆಲಸವಿಲ್ಲ, ಎಲ್ಲವೂ ಕಿವಿಯದೇ. ಸೋನಾರ್ ಎಂಬ ಶಬ್ದಯಂತ್ರ ಯಾರದು ಚುರುಕೋ ಅವರು ಮೊದಲು ಹೊಡೆಯುತ್ತಾರೆ. ನಮ್ಮ ಅರಬ್ಬೀ ಸಮುದ್ರದ ಬೆಚ್ಚಗಿನ ನೀರಿನ ಪದರಗಳಲ್ಲಿ ಶಬ್ದ ಬಾಗಿ ದಾರಿ ತಪ್ಪುತ್ತದೆ. ಮೇಲೆ ತೇಲುವ ಹಡಗಿಗೆ ಕೇಳುವುದು ಇನ್ನೂ ಕಷ್ಟ. ಹಡಗು ಜೋರಾಗಿ ಓಡಿದರೆ ಅದರದೇ ಸದ್ದಿನಲ್ಲಿ ಕಿವಿ ಮುಚ್ಚಿಹೋಗುತ್ತದೆ. ನಿಧಾನವಾಗಿ ಹೋದರೆ ಕಿವಿ ತೆರೆಯುತ್ತದೆ, ಆದರೆ ಶತ್ರುವಿಗೆ ಗುರಿ ಸಲೀಸು. ಆ ರಾತ್ರಿ ಖುಕ್ರಿಯ ಸೋನಾರಿಗೆ ಹೊಸದೊಂದು ಉಪಕರಣ ಜೋಡಿಸಿ ಪರೀಕ್ಷಿಸುತ್ತಿದ್ದರೆಂದೂ ಅದಕ್ಕಾಗಿ ವೇಗ ತಗ್ಗಿಸಿದ್ದರೆಂದೂ ನೌಕಾಪಡೆಯ ಇತಿಹಾಸ ಬರೆದ ವೈಸ್ ಅಡ್ಮಿರಲ್ ಹಿರಾನಂದಾನಿಯವರೇ ದಾಖಲಿಸಿದ್ದಾರೆ. ಬದುಕಿ ಬಂದವರ ಹೇಳಿಕೆಗಳನ್ನು ಮೇಜರ್ ಜನರಲ್ ಇಯಾನ್ ಕಾರ್ಡೋಜೊ 2006ರಲ್ಲಿ ಪುಸ್ತಕವಾಗಿಯೇ ತಂದರು. ಇದೆಲ್ಲ ಅಂಗಡಿಯಲ್ಲಿ ಸಿಗುವ ಸಂಗತಿ, ಗುಟ್ಟೇನಲ್ಲ. ಓದುವವರು ಬೇಕು, ಅಷ್ಟೆ.

ಇನ್ನೊಂದು ವಿಷಯ ಕೊಚ್ಚಿಯವರಾದ ನಮಗೆ ಚುಚ್ಚಬೇಕು. ಜಲಾಂತರ್ಗಾಮಿಗಳನ್ನು ಆಕಾಶದಿಂದ ಹುಡುಕುವ ಸೀಕಿಂಗ್ ಹೆಲಿಕಾಪ್ಟರುಗಳ ದಳ ಹುಟ್ಟಿದ್ದು ಇಲ್ಲಿಯೇ, ಆ ಯುದ್ಧಕ್ಕೆ ಕೆಲವೇ ತಿಂಗಳು ಮುಂಚೆ, 1971ರ ಏಪ್ರಿಲಿನಲ್ಲಿ. ಟಾರ್ಪೆಡೋ ಮುಟ್ಟಲಾರದ ಎತ್ತರದಿಂದ ಕಿವಿಯನ್ನು ಹಗ್ಗದಲ್ಲಿ ನೀರಿಗಿಳಿಸಿ ಕೇಳುವ ಯಂತ್ರ ಅದು. ಅಂಥದ್ದು ಬೆರಳೆಣಿಕೆಯಷ್ಟಿತ್ತು. ಬೇಟೆಗೆ ಹೊರಟದ್ದು ‘ಖುಕ್ರಿ’ ಮತ್ತು ‘ಕಿರ್ಪಾಣ್’ ಎಂಬ ಎರಡು ಹಳೆಯ ಹಡಗುಗಳು. ಬೇಟೆಗಾರ ಯಾರು, ಮಿಕ ಯಾವುದು ಎಂಬುದು ಹೊರಡುವಾಗಲೇ ಅರ್ಧ ತೀರ್ಮಾನವಾಗಿತ್ತು ಎಂದು ನಾವು ಹೇಳುತ್ತೇವೆ.

‘ಸೋಲಿನ ಕಥೆ ಮಕ್ಕಳಿಗೆ ಯಾಕೆ? ಧೈರ್ಯ ಕುಂದುವುದಿಲ್ಲವೇ?’ ಎನ್ನುವ ಮಾತು ಸಂಘದ ಸಭೆಯಲ್ಲಿಯೇ ಬಂದಿದೆ. ಅಭಿಮನ್ಯುವಿನ ಕಥೆಯನ್ನು ಮನೆಮನೆಯಲ್ಲಿ ಹೇಳಿ ಬೆಳೆಸಿದ ಜನ ನಾವು! ಚಕ್ರವ್ಯೂಹದ ಒಳಹೋಗುವ ದಾರಿ ಕಲಿಸಿ, ಹೊರಬರುವ ದಾರಿ ಕಲಿಸದೆ ಕಳಿಸಿದವರು ಯಾರು ಎಂದು ಕೇಳದ ಮಗು ಯಾವ ಮನೆಯಲ್ಲಿದೆ? ಅಲ್ಲಿ ಕೇಳಬಹುದಾದ ಪ್ರಶ್ನೆ ಖುಕ್ರಿಯ ವಿಷಯದಲ್ಲಿ ದೇಶದ್ರೋಹವಾಗುವುದು ಹೇಗೆ?

‘ನಮಗೂ ಅದಕ್ಕೂ ಏನು ಸಂಬಂಧ, ನಾವು ಕಾರ್ಖಾನೆಯವರು’ ಎನ್ನುವ ಮಹನೀಯರೂ ಇದ್ದಾರೆ. ಸ್ವಾಮಿ, ಅಂಬಲಮುಗಳಿನ ಎಣ್ಣೆ ಶುದ್ಧೀಕರಣ ಕಾರ್ಖಾನೆ 1966ರಲ್ಲಿ ಶುರುವಾದಂದಿನಿಂದ ಅದರ ಕಚ್ಚಾ ಎಣ್ಣೆ ಹಡಗಿನಲ್ಲಿ ಬರುತ್ತಿದೆ. ಉಡುಪಿಯಿಂದ, ಧಾರವಾಡದಿಂದ, ಮೈಸೂರಿನಿಂದ ಬಂದು ಇಲ್ಲಿ ಒಲೆ ಹೂಡಿದ ನಮ್ಮ ಅನ್ನದ ದಾರಿ ಆ ಸಮುದ್ರವೇ. ಅದನ್ನು ಕಾಯಲು ಹೋದವರ ಲೆಕ್ಕ ನಮಗೆ ಸೇರದಿದ್ದರೆ ಇನ್ಯಾರಿಗೆ ಸೇರಬೇಕು?

ದಿಯುವಿನಲ್ಲಿ ಕಡಲಿಗೆ ಮುಖಮಾಡಿ ಒಂದು ಸ್ಮಾರಕವಿದೆ. ಗಾಜಿನ ಮನೆಯೊಳಗೆ ಖುಕ್ರಿಯ ಪ್ರತಿಕೃತಿ. ಅದೇ ಹೆಸರು ಹೊತ್ತು 1989ರಲ್ಲಿ ಸೇವೆಗೆ ಸೇರಿದ ಎರಡನೆಯ ಖುಕ್ರಿಯೂ 2021ರಲ್ಲಿ ನಿವೃತ್ತವಾಗಿ ಆ ಊರನ್ನೇ ಸೇರಿತು. ಗುಜರಾತ್ ಪ್ರವಾಸವೆಂದು ಸೋಮನಾಥದವರೆಗೆ ಬಸ್ಸು ಮಾಡಿಕೊಂಡು ಹೋಗುವ ನಮ್ಮವರು ಇನ್ನೆರಡು ಗಂಟೆ ಮುಂದೆ ಹೋಗುವುದಿಲ್ಲ.

ಆ 194 ಜನರಲ್ಲಿ ಕನ್ನಡದ ಮನೆಗಳಿಂದ ಹೋದವರು ಯಾರು ಎಂದು ಒಂದಾದರೂ ಕನ್ನಡ ಸಂಘ ಇದುವರೆಗೆ ಹುಡುಕಿದೆಯೇ? ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಬೇಡಿಕೆ ಇಷ್ಟು: ಈ ವರ್ಷದ ಭಾಷಣ ಡಿಸೆಂಬರ್ 4ಕ್ಕೆ ಬೇಡ, 9ಕ್ಕೆ ಇರಲಿ. ಸಂಜೆ ಏಳಕ್ಕೆ ಶುರುವಾಗಲಿ. ಅಧ್ಯಕ್ಷರ ಮಾತು, ಹಾರ, ಶಾಲು ಯಾವುದೂ ಬೇಡ. ಖುಕ್ರಿಯಲ್ಲಿ ಮಡಿದವರ ಹೆಸರುಗಳನ್ನು ನಮ್ಮ ಮಕ್ಕಳು ಓದಲಿ, ಅಧಿಕಾರಿ ಯಾರು ನಾವಿಕ ಯಾರು ಎಂಬ ಭೇದವಿಲ್ಲದೆ, ಅಕಾರಾದಿಯಾಗಿ. ಪಟ್ಟಿ ತರಿಸುವ ಪತ್ರವ್ಯವಹಾರವನ್ನು ನಾವೇ ವಹಿಸಿಕೊಳ್ಳುತ್ತೇವೆ. ಸಭಾಂಗಣದ ಬೀಗದ ಕೈ ಮಾತ್ರ ಸಮಿತಿ ಕೊಡಬೇಕು.