ಗಣಿತದಿಂದ ಸಂಗೀತಕ್ಕೆ

ವಿದ್ಯಾರ್ಥಿಗಳೇ, ಮುಚ್ಚಿದ ಪಾತ್ರೆಯಲ್ಲಿ ಅನಿಲದ ಅಣುಗಳು ಮನಬಂದಂತೆ ಓಡಾಡುತ್ತವೆ. ಆದರೂ ಉಷ್ಣತೆ ಬದಲಾಗದಿದ್ದರೆ ಒತ್ತಡ ಒಂದೇ ಸಮನಾಗಿರುತ್ತದೆ. ಇದನ್ನು ನೆನಪಿಸುವಂಥ ಸಂಗೀತ ರಚಿಸಿದವರು ಪೋಲೆಂಡಿನ ವಿಟೋಲ್ಡ್ ಲುಟೊಸ್ವಾವ್‌ಸ್ಕಿ (1913–1994).

ವಾರ್ಸಾ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಿದ್ದ ಅವರು 1933ರಲ್ಲಿ ಅದನ್ನು ಬಿಟ್ಟು ಸಂಗೀತವನ್ನೇ ಹಿಡಿದರು. ಹಾದಿ ಸುಗಮವಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರ ಸೆರೆಯಿಂದ ತಪ್ಪಿಸಿಕೊಂಡು ಬಂದು, ವಾರ್ಸಾದ ಕೆಫೆಗಳಲ್ಲಿ ಪಿಯಾನೊ ನುಡಿಸಿ ಹೊಟ್ಟೆ ಹೊರೆದರು. ಅವರ ಮೊದಲ ಸಿಂಫನಿ 1949ರಲ್ಲಿ ಕಮ್ಯುನಿಸ್ಟ್ ಆಡಳಿತದ ಅವಕೃಪೆಗೆ ಒಳಗಾಗಿ ಮೂಲೆ ಸೇರಿತು. ಆಗ ಮಕ್ಕಳ ಹಾಡುಗಳಿಗೆ, ರೇಡಿಯೊ ನಾಟಕಗಳಿಗೆ ಸಂಗೀತ ಒದಗಿಸಿ ಜೀವನ ಸಾಗಿಸಿದರು.

1961ರಲ್ಲಿ ‘ವೆನಿಸ್ಸಿನ ಆಟಗಳು’ ಎಂಬ ಕೃತಿ ಬಂತು. ಅದರ ಕೆಲವು ಭಾಗಗಳಲ್ಲಿ ಪ್ರತಿ ವಾದಕನೂ ತನಗೆ ಕೊಟ್ಟ ಸ್ವರಗಳನ್ನು ತನ್ನದೇ ವೇಗದಲ್ಲಿ ನುಡಿಸುತ್ತಾನೆ. ಸ್ವರ ಬದಲಿಸುವಂತಿಲ್ಲ. ಎಲ್ಲಿ ಆರಂಭ, ಎಲ್ಲಿ ನಿಲುಗಡೆ ಎಂಬುದಕ್ಕಷ್ಟೇ ನಿರ್ದೇಶಕನ ಸನ್ನೆ. ಯಾರು ಮುಂದಾದರೂ, ಯಾರು ಹಿಂದುಳಿದರೂ ಒಟ್ಟು ನಾದ ಕೆಡದಂತೆ ಸ್ವರಗಳನ್ನು ಮೊದಲೇ ಆರಿಸಿಡಲಾಗಿದೆ.

1985ರಲ್ಲಿ ಮೂರನೇ ಸಿಂಫನಿಗೆ ಅಮೆರಿಕದ ಗ್ರಾವ್‌ಮೈಯರ್ ಪ್ರಶಸ್ತಿ ಬಂದಾಗ, ಆ ಹಣವನ್ನು ಪೋಲೆಂಡಿನ ಯುವ ಸಂಗೀತಗಾರರ ವಿದೇಶ ವ್ಯಾಸಂಗಕ್ಕೆ ಮೀಸಲಿಟ್ಟರು.

ಪೋಷಕರೇ, ಮಕ್ಕಳು ಬೇರೆ ವಿಷಯ ಓದುತ್ತೇವೆಂದರೆ ಕೂಡಲೇ ಗದರಬೇಡಿ. ಕೂರಿಸಿಕೊಂಡು ಕಾರಣ ಕೇಳಿ.