ಮನೆವಾರ್ತೆ: ದೊಡ್ಡ ತಳಿಯ ನಾಯಿಮರಿ

ಕಳೆದ ತಿಂಗಳ ಎರಡನೆಯ ಭಾನುವಾರ ನಮ್ಮ ಮನೆಗೆ ಹೊಸಬನೊಬ್ಬನು ಬಂದನು. ಅತಿಥಿಯೆನ್ನೋಣವೆಂದರೆ, ಅತಿಥಿಯಾದವನು ನಾಲ್ಕು ದಿನವಿದ್ದು ಹೋಗುವನು. ಇವನಾದರೋ ಇರುವುದಕ್ಕೆಂದೇ ಬಂದವನು. ವಯಸ್ಸು 57 ದಿನ, ತೂಕ 5 ಕಿಲೋಗ್ರಾಂ, ಬಣ್ಣ ಹುರಿದ ರವೆಯದು, ತಳಿ ಲ್ಯಾಬ್ರಡಾರ್. ಬಣ್ಣವನ್ನು ನೋಡಿ ನಮ್ಮ ಮಗಳು ಅವನಿಗೆ ಕೆಂಚನೆಂದು ಹೆಸರಿಟ್ಟಳು. ಮಡಿಲಲ್ಲಿ ಮಲಗಿದ್ದ ಆ ಮರಿಯ ಮುಂಗಾಲುಗಳನ್ನು ಕಂಡವರಿಗೆ, ಇದು ಬೇರಾವುದೋ ದೊಡ್ಡ ಪ್ರಾಣಿಯ ಪಾದಗಳನ್ನು ಎರವಲು ತಂದಿದೆಯೇನೋ ಎನ್ನಿಸಬೇಕು. ಆ ಪಾದಗಳೇ ಮುಂದಿನ ಕಥೆಯನ್ನು ಹೇಳುತ್ತವೆ: ಈ ಐದು ಕಿಲೋಗ್ರಾಂ ಒಂದು ವರ್ಷ ತುಂಬುವ ಹೊತ್ತಿಗೆ ಮೂವತ್ತರ ಹತ್ತಿರ ಬರುವುದು.

ನಾವು ಈ ಕೆಲಸಕ್ಕೆ ಕೈಹಾಕಿರುವುದು ಇದು ಎರಡನೆಯ ಸಲ. ಮೊದಲನೆಯ ಸಲ ನಮ್ಮಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ತಿಳಿವಿಗೆ ಕೊರತೆಯಿತ್ತು. ಅದರ ಫಲವನ್ನು ನಾವಲ್ಲ, ಮಾತು ಬಾರದ ಪ್ರಾಣಿಯೊಂದು ಅನುಭವಿಸಿತು. ಆ ತಪ್ಪಿನ ಲೆಕ್ಕವನ್ನು ವಾಚಕರ ಮುಂದೆ ಒಪ್ಪಿಸಿದರೆ ಯಾರ ಮನೆಯಲ್ಲಾದರೂ ಒಂದು ಮರಿಗೆ ಒಳ್ಳೆಯದಾದೀತೆಂಬ ಆಸೆಯಿಂದ ಈ ತಿಂಗಳ ಮಾತನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

2011ನೆಯ ಇಸವಿಯ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದ ಕರಿಯನೂ ಇದೇ ತಳಿಯವನು. ಮರಿ ದುಂಡಗಾದಷ್ಟೂ ಸಾಕಿದವರಿಗೆ ಕೀರ್ತಿಯೆಂಬುದು ಆಗಿನ ನಮ್ಮ ಭಾವನೆ. ಬೆಳಿಗ್ಗೆ ಹಾಲು-ಅನ್ನ, ಹತ್ತು ಗಂಟೆಗೆ ರಾಗಿ ಅಂಬಲಿ, ಮಧ್ಯಾಹ್ನ ಮೊಟ್ಟೆ, ಸಂಜೆ ಅಂಗಡಿಯ ಒಣ ಆಹಾರ, ರಾತ್ರಿ ನಾವು ಉಣ್ಣುವಾಗ ಪ್ರತಿಯೊಬ್ಬರ ತಟ್ಟೆಯಿಂದಲೂ ಒಂದೊಂದು ತುತ್ತು. ಇವೆಲ್ಲದರ ಮೇಲೆ, ಮೂಳೆ ಗಟ್ಟಿಯಾಗಲೆಂದು ದಿನಕ್ಕೆರಡು ಚಮಚ ಕ್ಯಾಲ್ಸಿಯಂ ಟಾನಿಕ್ಕು. ಐದು ತಿಂಗಳಿಗೇ ಅವನು 25 ಕಿಲೋಗ್ರಾಂ ತೂಗಿದನು. ಬೀದಿಯವರೆಲ್ಲ ಹೊಗಳಿದರು, ನಾವೂ ಬೀಗಿದೆವು. ಶಾಲೆಯಿಂದ ಬಂದೊಡನೆ ಮಗಳು ಅವನನ್ನು ಮಹಡಿಯ ಮೆಟ್ಟಿಲುಗಳ ಮೇಲೆ ಹತ್ತಿಸಿ ಇಳಿಸಿ ಆಡುವಳು; ಅದನ್ನು ನೋಡಿ ನಾವೆಲ್ಲ ನಗುವೆವು.

ಏಳನೆಯ ತಿಂಗಳಲ್ಲಿ ಕರಿಯನು ಮಲಗಿದಲ್ಲಿಂದ ಏಳುವಾಗ ಹಿಂಗಾಲನ್ನು ಎಳೆಯತೊಡಗಿದನು. ಪಶುವೈದ್ಯರು ಎಕ್ಸ್‌ರೇ ತೆಗೆಸಿ, ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಸರಿಯಾಗಿ ಕೂತಿರಲಿಲ್ಲ. ಹಿಪ್ ಡಿಸ್‌ಪ್ಲೇಸಿಯಾ ಎಂದು ಇದಕ್ಕೆ ಹೆಸರು. "ಈ ದೋಷದ ಬೀಜ ಹುಟ್ಟಿನಿಂದ ಬರುವುದು, ಅದು ನಿಮ್ಮ ತಪ್ಪಲ್ಲ. ಆದರೆ ಆ ಬೀಜಕ್ಕೆ ನೀರೆರೆದವರು ನೀವು," ಎಂದು ಅವರು ಮೆಲ್ಲಗೆ ಹೇಳಿದರು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಕರಿಯನು ಒಂಬತ್ತು ವರ್ಷ ಬದುಕಿದನು. ಕೊನೆಯ ಎರಡು ವರ್ಷ ಮನೆಯ ಮುಂದಿನ ಮೂರು ಮೆಟ್ಟಿಲುಗಳನ್ನು ಹತ್ತಲಾರದೆ ಕೆಳಗೆ ನಿಂತು ನಮ್ಮ ಮುಖವನ್ನು ನೋಡುತ್ತಿದ್ದನು. ಹಳೆಯ ಪಂಚೆಯೊಂದನ್ನು ಅವನ ಹೊಟ್ಟೆಯ ಕೆಳಗೆ ಹಾಯಿಸಿ, ಇಬ್ಬರು ಸೇರಿ ಎತ್ತಿ ಒಳಗೆ ತರುತ್ತಿದ್ದೆವು. 2020ರಲ್ಲಿ ಅವನು ತೀರಿಕೊಂಡಾಗ ನಮ್ಮ ತಾಯಿಯವರು, "ಇನ್ನು ಈ ಮನೆಗೆ ನಾಯಿ ಬೇಡಪ್ಪ. ಅದರ ನೋವನ್ನು ನೋಡಿಕೊಂಡಿರುವ ಶಕ್ತಿ ನನಗಿಲ್ಲ," ಎಂದರು. ಆದುದರಿಂದ ಈ ಸಲ ಕೆಂಚನನ್ನು ತರುವ ಮುನ್ನ ನಾವು ಮೊದಲು ಅವರ ಒಪ್ಪಿಗೆಯನ್ನು ಪಡೆಯಬೇಕಾಯಿತು; ಒಪ್ಪಿಗೆ ಪಡೆಯುವುದಕ್ಕೆ ನಾವು ಏನನ್ನು ಕಲಿತಿದ್ದೇವೆಂದು ಅವರಿಗೆ ಹೇಳಬೇಕಾಯಿತು.

ಕಲಿತುದರ ಸಾರ ಒಂದೇ ಮಾತಿನಲ್ಲಿದೆ: ದೊಡ್ಡದಾಗುವ ಮರಿಯನ್ನು ಬೇಗ ದೊಡ್ಡದು ಮಾಡಲು ಹೋಗಬಾರದು. ಅದು ಹೇಗಿದ್ದರೂ ತನ್ನ ಎತ್ತರಕ್ಕೆ ಬೆಳೆದೇ ಬೆಳೆಯುತ್ತದೆ. ಹೆಚ್ಚು ಉಣಿಸಿದರೆ ಆ ಎತ್ತರವು ಬೇಗ ಬರುವುದೇ ಹೊರತು ಹೆಚ್ಚಾಗುವುದಿಲ್ಲ. ಇನ್ನೂ ಹದಕ್ಕೆ ಬಾರದ ಕೀಲುಗಳ ಮೇಲೆ ಹೊರೆಮಾತ್ರ ಏರುವುದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಜೋಡಿಯಾಗಿ ಸಾಕಿ, ಜೋಡಿಯಲ್ಲಿ ಒಂದಕ್ಕೆ ಮತ್ತೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರವನ್ನು ಜೀವಮಾನವೆಲ್ಲ ಕೊಟ್ಟು ಪರೀಕ್ಷಿಸಿದರು. 2002ರಲ್ಲಿ ಪ್ರಕಟವಾದ ಅದರ ಫಲಿತಾಂಶವನ್ನು ನೋಡಿರಿ. ಹೆಚ್ಚು ಉಂಡವುಗಳ ಮಧ್ಯಮ ಆಯುಸ್ಸು 11.2 ವರ್ಷ; ಮಿತವಾಗಿ ಉಂಡವುಗಳದು 13 ವರ್ಷ. ಕೀಲುನೋವೂ ಮಿತಾಹಾರಿಗಳಿಗೆ ಕಡಿಮೆಯಾಗಿ, ತಡವಾಗಿ ಬಂದಿತು. ನಾವು ಅಕ್ಕರೆಯಿಂದ ಬಡಿಸಿದ ಹೆಚ್ಚಿನ ತುತ್ತುಗಳು ಕರಿಯನ ಆಯುಸ್ಸಿನಿಂದಲೇ ಕಳೆದುಹೋದವೆಂದು ಇದರಿಂದ ತಿಳಿಯಬೇಕು.

ಕ್ಯಾಲ್ಸಿಯಂ ಟಾನಿಕ್ಕಿನ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ಮನೆಗಳಲ್ಲಿ ಈ ತಪ್ಪು ಬಹಳ ಸುಲಭವಾಗಿ ನಡೆಯುವುದು. ಬೆಳೆದ ನಾಯಿಯ ಕರುಳು ದೇಹಕ್ಕೆ ಬೇಕಾದಷ್ಟನ್ನು ಹೀರಿಕೊಂಡು ಮಿಕ್ಕುದನ್ನು ಹೊರಗೆ ಬಿಡುತ್ತದೆ. ಎಳೆಯ ಮರಿಗೆ, ಮುಖ್ಯವಾಗಿ ಮೊದಲ ಆರು ತಿಂಗಳಲ್ಲಿ, ಹೀಗೆ ಬಾಗಿಲು ಹಾಕಿಕೊಳ್ಳುವ ಶಕ್ತಿ ಪೂರ್ಣವಾಗಿ ಬಂದಿರುವುದಿಲ್ಲ. ಕೊಟ್ಟ ಕ್ಯಾಲ್ಸಿಯಂ ಬಹುಮಟ್ಟಿಗೆ ಒಳಗೇ ಉಳಿದು, ಮೃದ್ವಸ್ಥಿಯು ಮೂಳೆಯಾಗಿ ಮಾರ್ಪಡುವ ಕ್ರಮವನ್ನು ಕೆಡಿಸುತ್ತದೆ. ದೊಡ್ಡ ತಳಿಯ ಮರಿಗಳಿಗೆಂದು ತಯಾರಾದ ಆಹಾರದಲ್ಲಿ ಕ್ಯಾಲ್ಸಿಯಂ ಒಣ ತೂಕದ ಶೇಕಡ 1.8ನ್ನು ಮೀರಬಾರದೆಂದು ಅಮೆರಿಕದ ಪಶು-ಆಹಾರ ನಿಯಂತ್ರಣಾಧಿಕಾರಿಗಳ ಸಂಘವು ನಿಯಮಿಸಿರುವುದು ಇದೇ ಕಾರಣದಿಂದ. ಅಂಥ ಆಹಾರವನ್ನು ಕೊಡುತ್ತಿರುವವರು ಮೇಲೆ ಟಾನಿಕ್ಕನ್ನು ಕೊಡತಕ್ಕದ್ದಲ್ಲ. ಹಾಗೆಂದು ಬರಿಯ ಮಾಂಸ-ಅನ್ನವನ್ನೇ ಕೊಡುತ್ತಿದ್ದರೆ ಕ್ಯಾಲ್ಸಿಯಂ ಸಾಲದೆ ಮೂಳೆ ಬಾಗೀತು. ಆದುದರಿಂದ ಮನೆಯಲ್ಲಿ ಬೇಯಿಸಿ ಹಾಕುವವರು ಪಶುವೈದ್ಯರಿಂದ ಅಳತೆಯನ್ನು ಬರೆಯಿಸಿಕೊಂಡೇ ಹಾಕುವುದು ಲೇಸು.

ಕೆಂಚನಿಗೆ ಈಗ ದಿನಕ್ಕೆ ನಾಲ್ಕು ಹೊತ್ತು ಅಳೆದು ಹಾಕುತ್ತಿದ್ದೇವೆ. ನಾಲ್ಕು ತಿಂಗಳು ತುಂಬಿದ ಮೇಲೆ ಮೂರು ಹೊತ್ತು, ಆರು ತಿಂಗಳಾದ ಮೇಲೆ ಎರಡು ಹೊತ್ತು. ಇಟ್ಟ ತಟ್ಟೆಯನ್ನು ಕಾಲು ಗಂಟೆಯ ಮೇಲೆ ಎತ್ತಿಡುವುದು. ಸಾಕಾಯಿತೋ ಇಲ್ಲವೋ ಎಂಬುದಕ್ಕೆ ಬೆರಳೇ ತಕ್ಕಡಿ: ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬುಗಳು ಒತ್ತದೆಯೇ ಬೆರಳಿಗೆ ತಿಳಿಯಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ನಮ್ಮ ಅಡುಗೆಮನೆಯ ಕೆಲವು ಪದಾರ್ಥಗಳು ನಾಯಿಗೆ ವಿಷವೆಂಬುದನ್ನು ಗೃಹಿಣಿಯರು ನೆನಪಿಡಬೇಕು. ಈರುಳ್ಳಿ, ಬೆಳ್ಳುಳ್ಳಿಗಳು ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡಗಳು ಕೆಡಬಹುದು. ಚಾಕೊಲೇಟು ಹೃದಯಕ್ಕೆ ಹಾನಿಕರ. ಮಿಕ್ಕ ಸಾರನ್ನವನ್ನೂ ಹಬ್ಬದ ಪಾಯಸವನ್ನೂ ನಾಯಿಗೆ ಹಾಕುವ ಪದ್ಧತಿಯನ್ನು ನಾವು ಕೈಬಿಟ್ಟಿರುವುದು ಇದರಿಂದಲೇ.

ಇನ್ನು ನೆಲ ಮತ್ತು ಮೆಟ್ಟಿಲು. 2012ರಲ್ಲಿ ನಾರ್ವೆ ದೇಶದ ಸಂಶೋಧಕರು ಲ್ಯಾಬ್ರಡಾರನ್ನೂ ಸೇರಿಸಿ ನಾಲ್ಕು ದೊಡ್ಡ ತಳಿಗಳ ಮರಿಗಳನ್ನು ಗಮನಿಸಿ ಪ್ರಕಟಿಸಿದ ವರದಿಯ ಪ್ರಕಾರ, ಹುಟ್ಟಿದ ಮೊದಲ ಮೂರು ತಿಂಗಳು ಮೆಟ್ಟಿಲು ಹತ್ತಿ ಇಳಿದ ಮರಿಗಳಲ್ಲಿ ಸೊಂಟದ ದೋಷ ಹೆಚ್ಚು. ಮೆತ್ತನೆಯ ನೆಲದಲ್ಲಿ ಬಯಲಿನಲ್ಲಿ ಸ್ವೇಚ್ಛೆಯಾಗಿ ಆಡಿದವುಗಳಲ್ಲಿ ಕಡಿಮೆ. ನಾವು ಮಹಡಿಯ ಮೆಟ್ಟಿಲಿಗೆ ಅಡ್ಡವಾಗಿ ಹಲಗೆಯನ್ನು ಕಟ್ಟಿದೆವು. ನಡುಮನೆಯ ಹೊಳಪುಗಲ್ಲಿನ ಮೇಲೆ ಮರಿಯ ಕಾಲುಗಳು ನಾಲ್ಕು ದಿಕ್ಕಿಗೆ ಜಾರುವುದನ್ನು ಕಂಡು ಅಲ್ಲಿ ಜಮಖಾನ ಹಾಸಿದೆವು. ಹಿತ್ತಿಲಿನ ಮಣ್ಣಿನಲ್ಲಿ ತನ್ನಿಷ್ಟದಂತೆ ಓಡಿ, ದಣಿದಾಗ ತಾನೇ ಮಲಗುವುದು. ಅದೇ ಅವನ ವ್ಯಾಯಾಮ. ಒಂದು, ಒಂದೂವರೆ ವರ್ಷ ತುಂಬಿ ಎಲುಬಿನ ತುದಿಗಳು ಗಟ್ಟಿಯಾಗುವವರೆಗೆ ಸ್ಕೂಟರಿನ ಹಿಂದೆ ಓಡಿಸುವುದು, ಎತ್ತರದಿಂದ ನೆಗೆಸುವುದು ಸಲ್ಲದು.

ಮರಿಯನ್ನು ಆರಿಸುವಾಗ ಈ ಸಲ ನಾವು ಮುಖವನ್ನು ನೋಡುವ ಮೊದಲು ತಾಯಿತಂದೆಗಳ ಸೊಂಟದ ಎಕ್ಸ್‌ರೇ ಕೇಳಿದೆವು. ಒಬ್ಬರು ಕೇಳಿದುದಕ್ಕೇ ಬೇಸರಗೊಂಡರು; ಅಲ್ಲಿಂದ ಬರಿಗೈಯಲ್ಲಿ ಹಿಂದಿರುಗಿದೆವು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ಕೇಂದ್ರ ಸರ್ಕಾರದ ನಿಯಮಗಳಲ್ಲಿದೆ. ತಾಯಿಯ ಬಳಿ, ಒಡಹುಟ್ಟಿದವುಗಳ ನಡುವೆ ಆ ದಿನಗಳನ್ನು ಕಳೆದ ಮರಿ ಎಷ್ಟು ಜೋರಾಗಿ ಕಚ್ಚಬಾರದೆಂಬುದನ್ನು ಅಲ್ಲಿಯೇ ಕಲಿತು ಬರುತ್ತದೆ.

ಮೊದಲನೆಯ ರಾತ್ರಿ ಎಲ್ಲ ಮರಿಗಳೂ ಅಳುತ್ತವೆ. ಅತ್ತರೆ ಅತ್ತು ಸುಮ್ಮನಾಗಲಿ ಎಂದು ಕರಿಯನನ್ನು ಹಿತ್ತಿಲ ಕೋಣೆಯಲ್ಲಿ ಕೂಡಿಹಾಕಿದ್ದೆವು. ಕೆಂಚನಿಗೆ ನಮ್ಮ ಮಂಚದ ಪಕ್ಕದಲ್ಲಿಯೇ ಒಂದು ಪೆಟ್ಟಿಗೆಯನ್ನಿಟ್ಟು, ಅವನ ತಾಯಿ ಮಲಗಿದ್ದ ಬಟ್ಟೆಯ ತುಂಡನ್ನು ಅದರೊಳಗೆ ಹಾಸಿದೆವು. ಕುಂಯ್‌ಗುಟ್ಟಿದಾಗ ಕೈಯನ್ನು ಕೆಳಗೆ ಇಳಿಬಿಟ್ಟರೆ, ಮೂಸಿ ನೋಡಿ ಮಲಗಿಬಿಡುವನು. ನಿದ್ದೆಯಿಂದ ಎದ್ದಾಗ, ಉಂಡಾಗ, ಆಡಿದಾಗ, ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು. ಒಳಗೆ ಮಾಡಿಕೊಂಡರೆ ಬಯ್ದು ಪ್ರಯೋಜನವಿಲ್ಲ. ನೆಲವನ್ನು ಒರೆಸಿ, ಮುಂದಿನ ಸಲ ಹೊತ್ತಿಗೆ ಸರಿಯಾಗಿ ಏಳದೆಹೋದ ತಪ್ಪು ನಮ್ಮದೆಂದು ತಿಳಿಯಬೇಕು.

ಚುಚ್ಚುಮದ್ದಿನಲ್ಲಿ ಅಲಕ್ಷ್ಯ ಕೂಡದು. ಆರರಿಂದ ಎಂಟನೆಯ ವಾರದೊಳಗೆ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರನೆಯ ವಾರದವರೆಗೆ ಮುಂದುವರಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಮದ್ದು. ಪಾರ್ವೊ ಎಂಬ ಕರುಳಬೇನೆಯ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲುದಾದ್ದರಿಂದ, ಮದ್ದುಗಳು ಮುಗಿಯುವವರೆಗೆ ಬೀದಿಯ ನೆಲದಲ್ಲಿ ಬಿಡಬಾರದು. ಆದರೆ ಹದಿಮೂರು ಹದಿನಾಲ್ಕು ವಾರಗಳವರೆಗಿನ ಕಾಲವೇ ಮರಿಯು ಲೋಕವನ್ನು ಹೆದರದೆ ಪರಿಚಯ ಮಾಡಿಕೊಳ್ಳುವ ಕಾಲ. ಹೀಗಾಗಿ ಕೆಂಚನನ್ನು ತೋಳಿನಲ್ಲೆತ್ತಿಕೊಂಡೇ ಮಾರುಕಟ್ಟೆ, ಬಸ್ಸು, ದೇವಸ್ಥಾನದ ವಾದ್ಯ, ಸಮವಸ್ತ್ರದ ಅಂಚೆಯವರು ಎಲ್ಲವನ್ನೂ ತೋರಿಸಿದ್ದಾಯಿತು. ಯಾವ ನಾಯಿಯೇ ಕಚ್ಚಲಿ, ಮರಿಯ ಹಲ್ಲೇ ತಗಲಿ ರಕ್ತ ಬರಲಿ, ಗಾಯವನ್ನು ಸೋಪುನೀರಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಉಳಿದುದೊಂದು, ಅದೇ ನಮ್ಮ ತಾಯಿಯವರ ಚಿಂತೆ. ಅವರಿಗೀಗ ಎಪ್ಪತ್ತೆಂಟು ವರ್ಷ. ಇಂದು ಮೊಣಕಾಲಿಗೆ ಮುಂಗಾಲನ್ನಿಟ್ಟು ನಿಲ್ಲುವ ಮರಿಯನ್ನು ಎಲ್ಲರೂ ಮುದ್ದಿಸುವರು. ಮೂವತ್ತು ಕಿಲೋಗ್ರಾಂ ಆದ ಮೇಲೆ ಅದೇ ಪ್ರೀತಿಯಿಂದ ಹಾರಿದರೆ ಮುದುಕರ ಸೊಂಟ ಮುರಿಯುವುದು. ಆದುದರಿಂದ ಮನೆಯವರೆಲ್ಲರೂ ಒಂದೇ ನಿಯಮವನ್ನು ಪಾಲಿಸುತ್ತಿದ್ದೇವೆ. ಕೆಂಚನ ನಾಲ್ಕು ಕಾಲೂ ನೆಲದ ಮೇಲಿದ್ದರೆ ಮಾತು, ಮುದ್ದು, ತಿಂಡಿ. ಹಾರಿದರೆ ಗದರಿಕೆಯಿಲ್ಲ, ಬೆನ್ನು ತಿರುಗಿಸಿ ನಿಲ್ಲುವುದು. ಒಬ್ಬರು ಮುದ್ದಿಸಿ ಇನ್ನೊಬ್ಬರು ತಳ್ಳಿದರೆ ಮರಿಗೆ ಏನೂ ತಿಳಿಯುವುದಿಲ್ಲ. ದಿನವಿಡೀ ಮನೆಗೆ ಬೀಗ ಹಾಕಿಕೊಂಡು ಹೋಗುವವರು ಇಷ್ಟು ಕೆಲಸಕ್ಕೆ ಹೊತ್ತು ಒದಗುವವರೆಗೆ ಮರಿಯನ್ನು ತರದಿರುವುದೇ ದಯೆ.

ಮೊನ್ನೆ ಹಬ್ಬದ ದಿನ ಊಟವಾದ ಮೇಲೆ ನಮ್ಮ ತಾಯಿಯವರು ಪಾಯಸದ ಬಟ್ಟಲನ್ನು ಹಿಡಿದು ಹಿತ್ತಿಲ ಬಾಗಿಲಿಗೆ ಹೋದುದನ್ನು ಕಂಡೆವು. ಕೆಂಚನು ಅವರ ಮುಂದೆ ಕೂತು ಬಟ್ಟಲನ್ನೇ ನೋಡುತ್ತಿದ್ದನು. ಅವರು ಸ್ವಲ್ಪ ಹೊತ್ತು ನಿಂತು, "ಇದು ನಿನಗಲ್ಲವಂತೆ ಮಗು. ಆ ಕರಿಯನಿಗೆ ನಾನೇ ಎಷ್ಟು ಬಡಿಸಿದ್ದೆನೋ," ಎಂದು ಬಟ್ಟಲನ್ನು ಒಳಗಿಟ್ಟು ಬಂದು, ಅವನ ತಲೆಯನ್ನು ಸವರಿದರು. ನಾವು ಏನೂ ಆಡಲಿಲ್ಲ. ಈಗ ಪ್ರತಿ ಭಾನುವಾರ ಮರಿಯನ್ನು ತೂಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ತೂಕವನ್ನು ಬರೆದಿಡುವವರು ಅವರೇ. ಕಳೆದ ವಾರದ ಅಂಕಿ 7. "ನಿಧಾನವಾಗಿಯೇ ಇದೆ," ಎಂದು ಅವರು ಸಮಾಧಾನದಿಂದ ಹೇಳಿದರು.