ತಂದೆಗೆ ಹೊರೆಯಾಗಬಾರದೆಂದು

ಕಳೆದ ಶ್ರಾವಣ ಮಾಸದಲ್ಲಿ ಒಂದು ಸಂಜೆ, ಪ್ರವಚನ ಮುಗಿದ ತರುವಾಯ, ಪರಿಚಿತ ಸದ್ಭಕ್ತರೊಬ್ಬರು ತಮ್ಮ ಮಗಳೊಂದಿಗೆ ಬಂದು ಕುಳಿತರು. ಆಕೆ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಪದವಿ ಪಡೆದು, ಸಿ.ಎಸ್.ಐ.ಆರ್.-ಯು.ಜಿ.ಸಿ. ಜಂಟಿ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್‌ಗೆ ಆಯ್ಕೆಯಾಗಿದ್ದಳು. "ಗುರುಗಳೇ, ಇಷ್ಟು ಓದಿದ ಮೇಲೆ ಇನ್ನೂ ಐದು ವರ್ಷ ಓದಬೇಕಂತೆ. ಇದಕ್ಕೆ ಕೊನೆ ಎಲ್ಲಿ?" ಎಂದು ತಂದೆ ಕೇಳಿದರು. ಮಗಳು ತಲೆತಗ್ಗಿಸಿ, "ಅಪ್ಪನಿಗೆ ಹೊರೆಯಾಗುವುದಾದರೆ ನನಗೆ ಬೇಡ" ಎಂದಳು. ಕೋಪದಿಂದ ಆಡಿದ್ದರೆ ಆ ಮಾತನ್ನು ನಾನು ಮರೆಯುತ್ತಿದ್ದೆನೋ ಏನೋ. ಆಕೆ ಪ್ರೀತಿಯಿಂದ ಆಡಿದ್ದಳು. ಆದುದರಿಂದ ಅದು ಮನಸ್ಸಿನಲ್ಲಿ ಉಳಿಯಿತು.

ಆಕೆ ಆರಿಸಿಕೊಂಡಿದ್ದ ವಿಷಯಕ್ಕೆ ಸುಪ್ರಮಾಲಿಕ್ಯುಲರ್ ಕೆಮಿಸ್ಟ್ರಿ ಎಂದು ಹೆಸರು. ಅಣುವಿನಾಚೆಯ ರಸಾಯನಶಾಸ್ತ್ರ ಎಂದು ನಾವು ಕರೆಯಬಹುದು. ಪರಮಾಣುಗಳು ಬಲವಾದ ಬಂಧಗಳಿಂದ ಕೂಡಿ ಅಣುವಾಗುವ ಬಗೆಯನ್ನು ಸಾಮಾನ್ಯ ರಸಾಯನಶಾಸ್ತ್ರ ಹೇಳುತ್ತದೆ. ಹಾಗೆ ರೂಪುಗೊಂಡ ಅಣುಗಳು ಒಂದನ್ನೊಂದು ಗುರುತಿಸಿ, ಮೃದುವಾದ ಆಕರ್ಷಣೆಗಳಿಂದ ಹಿಡಿದು, ಸಮಯ ಬಂದಾಗ ಬಿಟ್ಟುಕೊಡುವ ಪರಿಯನ್ನು ಈ ಶಾಸ್ತ್ರ ಪರಿಶೀಲಿಸುತ್ತದೆ. ಇದರಲ್ಲಿ ಒಳಗೆ ಬರಮಾಡಿಕೊಳ್ಳುವ ಅಣುವಿಗೆ ಆತಿಥೇಯನೆಂದೂ, ಬಂದು ನೆಲೆಸುವ ಕಣಕ್ಕೆ ಅತಿಥಿಯೆಂದೂ ವಿಜ್ಞಾನಿಗಳೇ ಹೆಸರಿಟ್ಟಿದ್ದಾರೆ. ದಾಸೋಹದ ಪರಂಪರೆಯಲ್ಲಿ ಬೆಳೆದ ನಮಗೆ ಈ ಪರಿಭಾಷೆ ಅಪರಿಚಿತವೆನಿಸದು.

ಇದರಿಂದ ಪ್ರಯೋಜನವೇನು ಎಂಬ ಪ್ರಶ್ನೆಗೆ ಒಂದು ಉದಾಹರಣೆ ಸಾಕು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ರೋಗಿಯ ಸ್ನಾಯುಗಳನ್ನು ಸಡಿಲಗೊಳಿಸಲು ರೊಕ್ಯುರೋನಿಯಂ ಎಂಬ ಔಷಧವನ್ನು ಕೊಡುವುದುಂಟು. ಚಿಕಿತ್ಸೆ ಮುಗಿದೊಡನೆ ಅದರ ಪ್ರಭಾವವನ್ನು ನೀಗಬೇಕು. ಪಿಷ್ಟದಿಂದ ದೊರೆಯುವ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಬಳೆಯಾಕಾರದ ಅಣುವನ್ನು ಮಾರ್ಪಡಿಸಿ ತಯಾರಿಸಿದ ಸುಗಮಡೆಕ್ಸ್ ಎಂಬ ಮದ್ದು, ರಕ್ತದಲ್ಲಿರುವ ಆ ಔಷಧವನ್ನು ತನ್ನ ಮಡಿಲೊಳಗೆ ಸೆಳೆದುಕೊಂಡು ನಿಷ್ಕ್ರಿಯಗೊಳಿಸುತ್ತದೆ. ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರಲ್ಲಿ ಇದಕ್ಕೆ ಅನುಮತಿ ದೊರೆಯಿತು.

ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಚಾರ್ಲ್ಸ್ ಪೆಡರ್ಸನ್ ಅವರ ಜೀವನವನ್ನು ಆ ಹುಡುಗಿಯ ಮಾತು ನನಗೆ ನೆನಪಿಸಿತು. ನಾರ್ವೆಯ ತಂದೆಗೂ ಜಪಾನಿನ ತಾಯಿಗೂ 1904ರಲ್ಲಿ ಕೊರಿಯಾದ ಬೂಸಾನಿನಲ್ಲಿ ಜನಿಸಿದ ಅವರು ಅಮೆರಿಕಕ್ಕೆ ಹೋಗಿ, ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಡಾಕ್ಟರೇಟ್‌ಗೆ ಮುಂದುವರಿಯಬೇಕೆಂದು ಅಧ್ಯಾಪಕರು ಒತ್ತಾಯಿಸಿದರು. ಇನ್ನು ತಂದೆಯ ಹಣದಲ್ಲಿ ಬದುಕಲಾರೆನೆಂದು ನಿಶ್ಚಯಿಸಿದ ಪೆಡರ್ಸನ್ 1927ರಲ್ಲಿ ಡ್ಯೂಪಾಂಟ್ ಕಂಪನಿಯಲ್ಲಿ ಉದ್ಯೋಗಕ್ಕೆ ಸೇರಿದರು. ಕೊನೆಯವರೆಗೂ ಅವರು ಡಾಕ್ಟರೇಟ್ ಪಡೆಯಲಿಲ್ಲ.

ಆ ಕಂಪನಿ ಅವರಿಗೆ ಸಂಶೋಧನೆಯ ಸ್ವಾತಂತ್ರ್ಯವನ್ನು ನೀಡಿತು. 1962ರಲ್ಲಿ ಬೇರೊಂದು ಪದಾರ್ಥವನ್ನು ತಯಾರಿಸುತ್ತಿದ್ದಾಗ ನೂರಕ್ಕೆ ಅರ್ಧದಷ್ಟೂ ಇಲ್ಲದ ಬಿಳಿಯ ಹರಳು ಉಪೋತ್ಪನ್ನವಾಗಿ ದೊರೆಯಿತು. ಕಸವೆಂದು ಚೆಲ್ಲಬಹುದಾಗಿದ್ದ ಅದನ್ನು ಅವರು ಪರೀಕ್ಷಿಸಿದರು. ಅದರ ಅಣು ಕಿರೀಟದಂತಿದ್ದು, ನಡುವಿನ ತೆರವಿನಲ್ಲಿ ಪೊಟ್ಯಾಶಿಯಂ ಅಯಾನು ಅಳತೆಗೆ ತಕ್ಕಂತೆ ಕುಳಿತುಕೊಳ್ಳುತ್ತಿತ್ತು. 'ಕ್ರೌನ್ ಈಥರ್' ಎಂಬ ಆ ವರ್ಗದ ವಿವರ 1967ರಲ್ಲಿ ಪ್ರಕಟವಾದಾಗ ಪೆಡರ್ಸನ್ ಅರವತ್ತು ದಾಟಿದ್ದರು. 1987ರಲ್ಲಿ ಡೊನಾಲ್ಡ್ ಕ್ರ್ಯಾಮ್ ಮತ್ತು ಜಾನ್-ಮಾರಿ ಲೇನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

ಡಾಕ್ಟರೇಟ್ ಇಲ್ಲದೆಯೂ ಮಹತ್ಸಾಧನೆ ಸಾಧ್ಯವೆಂಬ ನೀತಿಯನ್ನು ಇದರಿಂದ ತೆಗೆಯುವುದು ಸುಲಭ. ನನಗೆ ತೋರುವುದು ಬೇರೆ. ಪೆಡರ್ಸನ್ ಅವರಿಗೆ ಅಂತಹ ಉದ್ಯೋಗ ದೊರೆತದ್ದು ಸುದೈವ. ತಂದೆಗೆ ಹೊರೆಯಾಗಬಾರದೆಂದು ವಿದ್ಯೆಯನ್ನು ಬಿಟ್ಟು, ಪ್ರಯೋಗಾಲಯವನ್ನು ಮತ್ತೆಂದೂ ಕಾಣದವರ ಹೆಸರನ್ನು ಯಾವ ಚರಿತ್ರೆಯೂ ಬರೆದಿಡುವುದಿಲ್ಲ. ಮಕ್ಕಳು ಇಂತಹ ಆಯ್ಕೆಗೆ ಸಿಲುಕದಂತೆ ಮಾಡಲೆಂದೇ ಸಂಶೋಧನಾ ವೇತನದ ವ್ಯವಸ್ಥೆ ಹುಟ್ಟಿದೆ.

ಆ ವ್ಯವಸ್ಥೆಯನ್ನು ನಮ್ಮ ಗೃಹಸ್ಥರು ಸ್ಪಷ್ಟವಾಗಿ ತಿಳಿದಿರಬೇಕು. 2023ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಕಿರಿಯ ಫೆಲೋಶಿಪ್ ಮೊತ್ತವು ಮಾಸಿಕ 31,000 ರೂಪಾಯಿಗಳಿಂದ 37,000ಕ್ಕೂ, ಹಿರಿಯ ಫೆಲೋಶಿಪ್ ಮೊತ್ತವು 35,000ದಿಂದ 42,000ಕ್ಕೂ ಏರಿತು. ಮೊದಲ ಎರಡು ವರ್ಷ ಕಿರಿಯ ಫೆಲೋಶಿಪ್. ಬಳಿಕ ಕೆಲಸವನ್ನು ಪರಿಶೀಲಿಸಿ, ತೃಪ್ತಿಕರವೆಂದು ಕಂಡರೆ ಮೂರು ವರ್ಷ ಹಿರಿಯ ಫೆಲೋಶಿಪ್. ಈ ದರದಲ್ಲಿ ಐದು ವರ್ಷಗಳ ಒಟ್ಟು ಮೊತ್ತ 24 ಲಕ್ಷ ರೂಪಾಯಿಗಳಾಗುತ್ತದೆ. ವಸತಿನಿಲಯ ದೊರೆಯದಿದ್ದರೆ ಮನೆ ಬಾಡಿಗೆ ಭತ್ಯೆಯೂ ಉಂಟು. ಇದು ಸಾಲವಲ್ಲ, ಭಿಕ್ಷೆಯೂ ಅಲ್ಲ. ಇದನ್ನು ವಿವರಿಸಿದಾಗ ಆ ತಂದೆಯ ಮುಖ ಕೊಂಚ ಅರಳಿತು.

ಆದರೆ ಕಾಗದದ ಮೇಲಿನ ಮೊತ್ತವೂ ಕೈಗೆ ಬರುವ ಹಣವೂ ಒಂದೇ ಅಲ್ಲ. ನಾನು ಬಲ್ಲ ಒಬ್ಬ ವಿದ್ಯಾರ್ಥಿಗೆ ಏಳು ತಿಂಗಳ ಕಾಲ ಫೆಲೋಶಿಪ್ ಹಣ ತಲುಪಲಿಲ್ಲ. ಯಾವುದೋ ದಾಖಲೆ ಯಾವುದೋ ಮೇಜಿನ ಮೇಲೆ ನಿಂತಿತ್ತು. ಹಗಲು ಪ್ರಯೋಗಾಲಯ, ಸಂಜೆ ಮನೆಪಾಠ. ಊರಿಗೆ ಕರೆ ಮಾಡಿದಾಗ ಮಾತ್ರ "ಎಲ್ಲ ಚೆನ್ನಾಗಿದೆ" ಎಂಬ ಉತ್ತರ. ಬಾಕಿಯೆಲ್ಲ ಒಂದೇ ದಿನ ಜಮೆಯಾಯಿತು. ಅಷ್ಟರಲ್ಲಿ ಆ ತರುಣ ಸಂಶೋಧನೆಯನ್ನು ಬಿಟ್ಟು ಹೊರಟಿದ್ದ. ಹಸಿದವನಿಗೆ ಏಳು ತಿಂಗಳ ಪ್ರಸಾದವನ್ನು ಒಮ್ಮೆಗೇ ಬಡಿಸಿದರೆ ಅದು ದಾಸೋಹವಾದೀತೇ?

ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದ ಪ್ರಸಂಗ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಗತ್ಯಕ್ಕಿಂತ ಹೆಚ್ಚನ್ನು ಒಲ್ಲೆನೆಂಬ ನಿಷ್ಠೆ ಪಡೆಯುವವರದು. ಅಗತ್ಯವಾದುದನ್ನು ಸಕಾಲಕ್ಕೆ ತಲುಪಿಸುವ ಹೊಣೆ ಕೊಡುವವರದು. ಮೊದಲನೆಯದನ್ನು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಎರಡನೆಯದನ್ನು ನಮಗೆ ನಾವೇ ಬೋಧಿಸಿಕೊಳ್ಳುವುದು ಕಡಿಮೆ.

ನಮ್ಮ ಹಿರಿಯರು ಆ ಹೊಣೆಯನ್ನು ಅರಿತವರಾಗಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಈ ಬರೆಹಗಾರನೂ ಆ ಅನ್ನದ ಋಣದಲ್ಲಿರುವವನೇ. ಆದರೆ ನಮ್ಮ ನೆರವು ಬಹುಮಟ್ಟಿಗೆ ಪದವಿಯ ಹೊಸ್ತಿಲಿನವರೆಗೆ ಬಂದು ನಿಲ್ಲುತ್ತದೆ. ಇಪ್ಪತ್ತೈದು ವರ್ಷದ ಸಂಶೋಧಕನಿಗೂ ಹಸಿವಾಗುತ್ತದೆಂಬುದು ನಮಗೆ ಹೊಳೆಯುವುದಿಲ್ಲ.

ಆದಕಾರಣ ಒಂದು ಸಣ್ಣ ಸೂಚನೆ. ಸಮಾಜದ ಸಂಘ-ಸಂಸ್ಥೆಗಳು ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಒಂದು ಕೈಗಡ ನಿಧಿಯನ್ನು ತೆಗೆದಿರಿಸಲಿ. ಫೆಲೋಶಿಪ್ ಹಣ ತಡವಾದ ತಿಂಗಳುಗಳಲ್ಲಿ ಬಡ್ಡಿಯಿಲ್ಲದೆ ಊಟ-ವಸತಿಯ ವೆಚ್ಚವನ್ನು ಅದು ಭರಿಸಲಿ. ಬಾಕಿ ಬಂದೊಡನೆ ವಿದ್ಯಾರ್ಥಿ ಮರಳಿಸಲಿ. ಹಾಗೆ ಮರಳಿದ ಹಣ ಮತ್ತೊಬ್ಬರಿಗೆ ಆಧಾರವಾಗುತ್ತದೆ. ಇದಕ್ಕೆ ಬೇಕಾದುದು ದೊಡ್ಡ ಬಂಡವಾಳವಲ್ಲ, ಲೆಕ್ಕದ ಶಿಸ್ತು ಮತ್ತು ಪರಸ್ಪರ ನಂಬಿಕೆ.

ತಂದೆ-ತಾಯಿಗಳು ಮಾಡಬೇಕಾದುದೂ ಉಂಟು. ಮಕ್ಕಳು ಸೇರುವ ಮೊದಲೇ ಕೆಲವನ್ನು ಕೇಳಿ ತಿಳಿಯಲಿ: ಹಣ ಯಾವ ಮೂಲದಿಂದ, ಎಷ್ಟು ವರ್ಷ ಬರುತ್ತದೆ? ಐದು ವರ್ಷಗಳಲ್ಲಿ ಪ್ರಬಂಧ ಮುಗಿಯದಿದ್ದರೆ ಆಧಾರವೇನು? ಮಾರ್ಗದರ್ಶಕರ ಹಿಂದಿನ ವಿದ್ಯಾರ್ಥಿಗಳು ಎಷ್ಟು ಕಾಲ ತೆಗೆದುಕೊಂಡರು? ಇವುಗಳನ್ನು ಕೇಳುವುದು ಅವಿನಯವಲ್ಲ. ಸೇರಿದ ಮೇಲೆ, ತಿಂಗಳಿಗೊಮ್ಮೆಯಾದರೂ, "ಹಣ ಬಂತೇ?" ಎಂದು ಕೇಳಲಿ, "ಯಾವಾಗ ಮುಗಿಯುತ್ತದೆ?" ಎಂದು ಪ್ರತಿದಿನ ಕೇಳದಿರಲಿ. ಅರ್ಧ ಪಾಲಿಗೂ ಕಡಿಮೆಯಾದ ಹರಳಿನಲ್ಲಿ ಒಂದು ಹೊಸ ಶಾಸ್ತ್ರ ಅಡಗಿದ್ದುದನ್ನು ನಾವು ಈಗತಾನೆ ಕಂಡೆವಲ್ಲ!

ಆ ಸದ್ಭಕ್ತರು ಮುಂದಿನ ಸೋಮವಾರ ದೂರವಾಣಿ ಮಾಡಿ, ಮಗಳನ್ನು ಬೆಂಗಳೂರಿಗೆ ಬಿಟ್ಟುಬಂದ ಸುದ್ದಿ ತಿಳಿಸಿದರು. "ಹೊರೆಯೆಂಬ ಮಾತನ್ನು ಇನ್ನು ಆಡಬೇಡವೆಂದು ಹೇಳಿ ಬಂದಿದ್ದೇನೆ" ಎಂದರು. ಅವರು ತಮ್ಮ ಪಾಲಿನದನ್ನು ಮಾಡಿದ್ದಾರೆ. ಉಳಿದದ್ದು ನಮ್ಮೆಲ್ಲರ ಪಾಲಿನದು.